ಕಾಗೆ ಮುಟ್ಟಿದ ದಿನ ರಿಜ್ಜಿಗೆ

ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಊಟದ ಮಣೆಯ ಮೇಲೂ ಮಡಿಸಿದ ಮೊಣಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ಅಜ್ಜಿ ತೊಡೆ ಚಿವುಟುತ್ತಿದ್ದರು. ಚಿವುಟಿದ ಉರಿ ಆರುವ ತನಕ ಸುಮ್ಮನಿದ್ದು ಆಮೇಲೆ ಇನ್ನೊಂದು ಕಾಲು ಶುರು ಮಾಡುತ್ತಿದ್ದೆ. ಶಾಲೆಯಲ್ಲಿ ಓಟದ ಪಂದ್ಯಕ್ಕೆ ನಿಂತದ್ದುಂಟು, ಗೆದ್ದದ್ದೂ ಉಂಟು. ದೊಡ್ಡವಳಾದ ಮೇಲೆ ಅದಕ್ಕೂ ಕಲ್ಲು ಬಿತ್ತು.

ಇಂಥವಳನ್ನು ಮದುವೆ ಮಾಡಿ ಕರಾವಳಿಯಿಂದ ದಿಲ್ಲಿಗೆ ಕಳಿಸಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಕರೋಲ್ ಬಾಗಿನಲ್ಲಿ ನಮ್ಮವರ ಹೋಟೆಲು. ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಹೋಟೆಲಿನ ತಲೆಯ ಮೇಲೆ ಎರಡು ಕೋಣೆ, ಅಲ್ಲಿ ನಾನು, ಅತ್ತೆ ಮತ್ತು ಅತ್ತೆಯ ದೇವರುಗಳು. ಇವರು ಬೆಳಕು ಹರಿಯುವ ಮೊದಲೇ ಕೆಳಗಿಳಿಯುತ್ತಿದ್ದರು. ನಾಷ್ಟಾದ ಗದ್ದಲ ಶುರುವಾಗುವ ಮೊದಲು ಒಮ್ಮೆ ಕಾಫಿಗೆಂದು ಮೇಲೆ ಬರುತ್ತಿದ್ದರು. ಊರಿಗೆಲ್ಲ ಕಾಫಿ ಕೊಡುವ ಮನುಷ್ಯನಿಗೆ ತಾನು ಕುಡಿಯಲು ಮಾತ್ರ ಅಮ್ಮನ ಕೈಯ ಕಾಫಿಯೇ ಆಗಬೇಕು. ಅದು ಬಿಟ್ಟರೆ ಇವರ ಮುಖ ಕಾಣುತ್ತಿದ್ದುದು ರಾತ್ರಿಯೇ.

ಆ ಎರಡು ಕೋಣೆಗಳಲ್ಲಿ ನಾನು ಹೇಗೆ ದಿನ ತಳ್ಳಿದೆನೋ ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಕೆಳಗೆ ಹಿಟ್ಟು ರುಬ್ಬುವ ಯಂತ್ರದ ಗುರುಗುಟ್ಟು ನೆಲದಿಂದ ಪಾದಕ್ಕೆ ಏರುತ್ತಿತ್ತು. ಸಾಂಬಾರಿನ ವಾಸನೆ ಒಣಹಾಕಿದ ಸೀರೆಗೂ ಹತ್ತುತ್ತಿತ್ತು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಬಟ್ಟೆ ಅಂಗಡಿಗಳು, ಸೈಕಲ್ ರಿಕ್ಷಾಗಳು, ಯಾವುದೋ ಕೆಲಸಕ್ಕೆ ಎಲ್ಲಿಗೋ ಹೋಗುತ್ತಿರುವ ಜನ. ಎಲ್ಲರಿಗೂ ಹೋಗಲು ಒಂದು ಜಾಗವಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೀಗಿರುವಾಗ ನನ್ನ ನೆರವಿಗೆ ಬಂದದ್ದು ಕಾಗೆ. ನಮ್ಮ ಕಡೆ ಹೆಣ್ಣುಮಕ್ಕಳ ತಿಂಗಳ ಮುಟ್ಟನ್ನು ಹೆಸರಿಟ್ಟು ಹೇಳುವುದಿಲ್ಲ, ಮಕ್ಕಳ ಎದುರು, ಗಂಡಸರ ಎದುರು ಅಂತೂ ಇಲ್ಲವೇ ಇಲ್ಲ. ‘ಅವಳಿಗೆ ಕಾಗೆ ಮುಟ್ಟಿದೆ’ ಎನ್ನುತ್ತೇವೆ. ಕಾಗೆ ಮುಟ್ಟಿದವಳು ಮೂರು ದಿನ ಅಡುಗೆಮನೆಗೆ ಕಾಲಿಡುವಂತಿಲ್ಲ, ದೇವರ ಹತ್ತಿರ ಸುಳಿಯುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಮನೆಯವರಿಂದ ದೂರ ಒಂದು ಕಡೆ ಕೂರಬೇಕು. ಕರಾವಳಿಯ ಮನೆಗಳಲ್ಲಿ ಇದಕ್ಕೆಂದೇ ಒಂದು ಪಕ್ಕದ ಜಗಲಿ ಇರುತ್ತದೆ. ಕರೋಲ್ ಬಾಗಿನ ಮನೆ ಕಟ್ಟಿದವನಿಗೆ ಕಾಗೆಯ ವಿಷಯ ಗೊತ್ತಿರಲಿಲ್ಲ.

ಅತ್ತೆಯ ಮಡಿ ಎಂದರೆ ಸಾಮಾನ್ಯದ್ದಲ್ಲ. ಪಕ್ಕದ ಮನೆಯ ಮಗು ಆಡುತ್ತ ಬಂದು ಅವರ ಸೆರಗು ಮುಟ್ಟಿದರೆ ಜನವರಿಯ ಚಳಿಯಲ್ಲೂ ಇನ್ನೊಮ್ಮೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಬಾಯಲ್ಲಿ ಸ್ತೋತ್ರ ತಪ್ಪುತ್ತಿರಲಿಲ್ಲ. ಯಾರೂ ನೋಡಲಿಲ್ಲ ಬಿಡಿ ಎಂದು ನಾನೊಮ್ಮೆ ಹೇಳಿದ್ದೆ. “ನಾನು ನೋಡಿದೆನಲ್ಲ” ಎಂದಿದ್ದರು. ದೇವರ ಗೂಡಿನ ಎದುರು ಅವರ ಬಾಯಿಂದ ಒಂದು ಸುಳ್ಳು ಬಂದದ್ದನ್ನು ಆವರೆಗೆ ನಾನು ಕೇಳಿರಲಿಲ್ಲ.

ನನಗೆ ದಿಲ್ಲಿಯಲ್ಲಿ ಮೊದಲ ಸಲ ಕಾಗೆ ಮುಟ್ಟಿದ ಬೆಳಿಗ್ಗೆ ಅವರಿಗೆ ದಿಕ್ಕು ತೋಚಲಿಲ್ಲ. ಒಳಕೋಣೆಯಲ್ಲಿ ಕೂರಿಸಿದರೆ ಬಚ್ಚಲಿಗೆ ಹೋಗಲು ನಾನು ಅಡುಗೆಮನೆಯನ್ನೇ ದಾಟಬೇಕು. ಬಾಲ್ಕನಿ ಪಕ್ಕದ ಪಂಜಾಬಿ ಮನೆಯವರಿಗೂ ಸೇರಿದ್ದು, ಅಲ್ಲಿ ಕೂತರೆ ಎಲ್ಲರಿಗೂ ಉತ್ತರ ಹೇಳಬೇಕು. ತಾರಸಿಯ ಮೇಲೆ ಅತ್ತೆ ಸಂಡಿಗೆ ಒಣಹಾಕಿದ್ದರು, ಮುಟ್ಟಿನವಳ ನೆರಳು ಅದಕ್ಕೆ ಬೀಳಬಾರದು. ಕೊನೆಗೆ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಯೋಚನೆ ಮಾಡಿದರು.

“ಎಂತ ಮಾಡುದು ಮಾರಾಯ್ತಿ. ಪೂಜೆ ಮುಗಿದು ನೈವೇದ್ಯ ಆಗುವ ತನಕ ಎಲ್ಲಾದರೂ ತಿರುಗಾಡಿಕೊಂಡು ಬಾ” ಎಂದರು.

ಎಲ್ಲಾದರೂ ಎಂದರೆ ಎಲ್ಲಿ? ಅಷ್ಟರಲ್ಲಿ ಪಕ್ಕದ ಮನೆಯ ಭಾಬೀಜಿ ಬೆಳಗಿನ ತಿರುಗಾಟಕ್ಕೆ ಹೊರಟು ಮೆಟ್ಟಿಲಿಗೆ ಬಂದರು. ದಪ್ಪನೆಯ ಹೆಂಗಸು, ಕೈಯಲ್ಲಿ ಕೋಲು. ಅತ್ತೆ ಸೊಸೆಗೆ ಜಗಳವಾಗಿದೆ ಎಂದೇ ಅವರು ತಿಳಿದರು. “ಚಲೋ, ಮೇರೆ ಸಾಥ್” ಎಂದು ನನ್ನ ರಟ್ಟೆ ಹಿಡಿದರು. ಅವರಿಗೆ ಮೈಲಿಗೆ ಗೀಲಿಗೆ ಒಂದೂ ಇಲ್ಲ. ಪೂಸಾ ರೋಡು ದಾಟಿ ಒಂದಿಷ್ಟು ನಡೆದದ್ದೇ ಊರು ನಿಂತುಹೋಯಿತು. ಎದುರಿಗೆ ಕಾಡು.

ಅದೇ ರಿಜ್, ದಿಲ್ಲಿಯ ನಡುವೆ ಉಳಿದ ಕಲ್ಲುಗುಡ್ಡದ ಕಾಡು. ಈಗ ಅಲ್ಲಿ ಫಲಕಗಳು, ಬೇಲಿ, ನಡೆಯುವವರಿಗೆಂದು ಹಾಸಿದ ದಾರಿ ಎಲ್ಲ ಆಗಿವೆಯಂತೆ. ಆಗ ದಾರಿ ಯಾರೂ ಮಾಡಿದ್ದಲ್ಲ. ಹುಲ್ಲು ಕೊಯ್ಯುವ ಹೆಂಗಸರದ್ದು ಒಂದು, ಆಡುಗಳದ್ದು ಒಂದು, ಬೆಳಿಗ್ಗೆ ಸಾಲಾಗಿ ಓಡುವ ಸಿಪಾಯಿಗಳದ್ದು ಒಂದು. ಕೆಂಪು ಮಣ್ಣು, ಅದರೊಳಗಿಂದ ಇಣುಕುವ ಚೂಪು ಕಲ್ಲು. ಎರಡೂ ಕಡೆ ವಿಲಾಯ್ತಿ ಕೀಕರ್, ಅದು ನಮ್ಮ ಬಳ್ಳಾರಿ ಜಾಲಿಯೇ, ಮುಳ್ಳು ಚಪ್ಪಲಿಯ ಅಡಿಯನ್ನೂ ತೂರಿ ಬರುತ್ತಿತ್ತು. ನವಿಲು ಕೂಗುವುದನ್ನು ಕೇಳಿ ಯಾರೋ ಹೆಂಗಸು ಅಳುತ್ತಿದ್ದಾಳೆ ಎಂದು ನಾನು ಮೊದಲ ದಿನ ನಿಂತುಬಿಟ್ಟಿದ್ದೆ.

ಭಾಬೀಜಿ ಎರಡು ಹೆಜ್ಜೆ ನಡೆದು ನಾಲ್ಕು ಮಾತಾಡುವವರು. ಅವರ ಗೆಳತಿಯರೂ ಸೇರಿಕೊಂಡ ಮೇಲೆ ನಡಿಗೆ ಪೂರ್ತಿ ನಿಂತು ಮಾತು ಮಾತ್ರ ಉಳಿಯಿತು. ನಾನು ಮುಂದೆ ಹೋದೆ. ದಾರಿ ಒಂದು ಕಡೆ ಇಳಿಜಾರಾಗಿತ್ತು. ಇಳಿಯುವಾಗ ಕಾಲು ತಾನಾಗಿ ಬೇಗ ಬಿತ್ತು, ಮತ್ತೂ ಬೇಗ ಬಿತ್ತು, ಆಮೇಲೆ ನಾನು ತಡೆಯಲಿಲ್ಲ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಚಪ್ಪಲಿ ಇನ್ನೊಂದು ಕೈಯಲ್ಲಿ. ಕೆಳಗೆ ಹೋಗಿ ನಿಂತಾಗ ಏದುಸಿರು, ಹೆಬ್ಬೆರಳಿನಲ್ಲಿ ರಕ್ತ. ನನಗೆ ಮಹಾ ಸಂತೋಷವಾಯಿತು. ಮದುವೆಯಾದ ಮೇಲೆ ಅಂಥ ಸಂತೋಷ ಅದೇ ಮೊದಲು ಎಂದರೆ ನಮ್ಮವರಿಗೆ ಬೇಸರವಾದೀತು, ಆದರೆ ನಿಜ.

ಮುಂದಿನ ತಿಂಗಳು ಕಾಗೆಯ ದಾರಿ ನೋಡಿ ಕಾದೆ. ಫುಟ್‌ಪಾತಿನ ಭಯ್ಯಾನ ಹತ್ತಿರ ಬಿಳಿ ಕ್ಯಾನ್‌ವಾಸ್ ಬೂಟು ಕೊಂಡು ಭಾಬೀಜಿಯ ಮನೆಯ ಮಂಚದ ಕೆಳಗೆ ಬಚ್ಚಿಟ್ಟಿದ್ದೆ. ಅವರದೇ ಹಳೆಯ ಸಲ್ವಾರ್ ಕಮೀಜು, ನನ್ನಂಥವರು ಇಬ್ಬರು ಹಿಡಿಯುವಷ್ಟು ದೊಗಲೆ. ಸೊಂಟದಲ್ಲಿ ಗಂಟು ಬಿಗಿದು, ದುಪಟ್ಟಾ ಅಡ್ಡ ಕಟ್ಟಿಕೊಂಡು ಓಡುತ್ತಿದ್ದೆ. ಮುಟ್ಟಿನ ನೋವು ಇರಲಿಲ್ಲವೇ ಎಂದರೆ ಇತ್ತು, ಓಡಿದರೆ ಕಡಿಮೆಯಾಗುತ್ತಿತ್ತು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ದಾರಿಗಳು ಒಂದೊಂದಾಗಿ ಪರಿಚಯವಾದವು. ಪಾಳು ಬಿದ್ದ ಹಳೆಯ ಕಟ್ಟಡವೊಂದರ ಕಮಾನಿನಿಂದ ಶುರುವಾಗುವ ದಾರಿ ನನಗೆ ಹೆಚ್ಚು ಪ್ರಿಯ. ಅದು ಎಲ್ಲಿಗೂ ನೇರ ಹೋಗುತ್ತಿರಲಿಲ್ಲ. ಕವಲೊಡೆದು, ಬಂಡೆ ಸುತ್ತಿ, ಮತ್ತೆ ಸೇರಿ, ಇದ್ದಕ್ಕಿದ್ದಂತೆ ಒಂದು ಪೊದೆಯ ಎದುರು ಮುಗಿದುಹೋಗುತ್ತಿತ್ತು. ಮುಗಿದಲ್ಲಿಂದ ತಿರುಗಿ ಇನ್ನೊಂದು ಕವಲು ಹಿಡಿಯುತ್ತಿದ್ದೆ. ಮನೆಯಲ್ಲಿ ಬಾಲ್ಕನಿ ಮುಗಿದರೆ ತಿರುಗಿ ಬರುವುದು ಬೇರೆ, ಇಲ್ಲಿ ತಿರುಗುವುದು ಬೇರೆ. ಚಳಿಗಾಲದಲ್ಲಿ ಅಂಗೀಠಿ ಒಲೆಗಳ ಇದ್ದಿಲ ಹೊಗೆ ಊರಿನಿಂದ ತೇಲಿ ಬಂದು ಮಂಜಿಗೆ ಬೆರೆತು, ಎದುರಿನ ಮರ ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಗಂಟಲು ಒಣಗುತ್ತಿತ್ತು. ಮಳೆ ಬಿದ್ದ ಮರುದಿನ ಮಾತ್ರ ಆ ಕೆಂಪು ಮಣ್ಣು ಮೆತ್ತಗಿರುತ್ತಿತ್ತು.

ಹೆದರಿಕೆ ಆಗುತ್ತಿರಲಿಲ್ಲವೇ ಎಂದು ಈಗ ಕೇಳುತ್ತಾರೆ. ಆಗುತ್ತಿತ್ತು. ಟ್ರಾನ್ಸಿಸ್ಟರ್ ಹಿಡಿದು ಬಂಡೆಯ ಮೇಲೆ ಕೂರುವವನೊಬ್ಬ ನನ್ನನ್ನು ಕಂಡಾಗಲೆಲ್ಲ ಸಿಳ್ಳೆ ಹಾಕುತ್ತಿದ್ದ. ಒಮ್ಮೆ ಎದ್ದು ಹಿಂದೆಯೂ ಬಂದ. ಆ ದಿನ ನಾನು ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ಅಂದಿನಿಂದ ಸಿಪಾಯಿಗಳ ದಾರಿ ಹಿಡಿದೆ. ಬಿಳಿ ಬನಿಯನ್ನಿನ ಸಾಲು ದಡದಡ ಬರುವಾಗ ಮುಂದಿನವನು “ಬೆಹೆನ್‌ಜೀ, ಸೈಡ್” ಎನ್ನುತ್ತಿದ್ದ. ಕೆಲವು ತಿಂಗಳ ಮೇಲೆ ಅದನ್ನೂ ಹೇಳಲಿಲ್ಲ. ನಾನು ಎಡಕ್ಕೆ ಸರಿಯುತ್ತೇನೆಂದು ಅವರಿಗೆ ಗೊತ್ತಾಗಿತ್ತು.

ತಿಂಗಳಿಗೆ ಮೂರು ದಿನ ಸಾಕಾಗುತ್ತದೆಯೇ? ಉಳಿದ ದಿನಗಳಲ್ಲಿ ಮೈಗೆ ಇರುವೆ ಹತ್ತಿದ ಹಾಗೆ. ಕೊತ್ತಂಬರಿ ಸೋಸುತ್ತ ಕೂತರೆ ಕಣ್ಣಿನ ಎದುರು ಆ ಕವಲು ದಾರಿ. ಎಡಕ್ಕೆ ಹೋದರೆ ಎಲ್ಲಿಗೆ ಹೋಗುತ್ತಿತ್ತು, ನಾನು ಬಲಕ್ಕೆ ಯಾಕೆ ಹೋದೆ ಎಂದು ತಲೆ ಕೊರೆಯುತ್ತಿತ್ತು. ನನ್ನ ಕಾಗೆ ಮೂರು ದಿನ ಮುಗಿದರೂ ಹಾರಿಹೋಗದೆ ಉಳಿಯಿತು. ಆಮೇಲೆ ತಿಂಗಳ ನಡುವೆ ಇನ್ನೊಮ್ಮೆ ಬರತೊಡಗಿತು. ಅತ್ತೆ ನಂಬಿದರು. ಮುಟ್ಟಿನ ವಿಷಯದಲ್ಲಿ ಒಬ್ಬ ಹೆಂಗಸು ಸುಳ್ಳು ಹೇಳಬಹುದು ಎಂಬ ಯೋಚನೆ ಅವರ ತಲೆಗೆ ಬರುವಂಥದ್ದೇ ಅಲ್ಲ ಎಂದು ನಾನು ಎಣಿಸಿದ್ದೆ.

ನಂಬಿದ್ದರಿಂದ ಅವರಿಗೆ ಗಾಬರಿಯಾಯಿತು. ಮದುವೆಯಾಗಿ ಎರಡನೆಯ ವರ್ಷ, ಮಗುವಿನ ಸುಳಿವಿಲ್ಲ, ಮೇಲಿಂದ ಸೊಸೆಗೆ ಇಷ್ಟು ರಕ್ತ ಹೋಗುತ್ತಿದೆ. ಊರಿನಿಂದ ಬಂದವರ ಕೈಯಲ್ಲಿ ಅಶೋಕದ ಚಕ್ಕೆ ತರಿಸಿ ಕಷಾಯ ಮಾಡಿದರು. ಕಹಿ ಎಂದರೆ ನಾಲಗೆ ಸುರುಟಿಕೊಳ್ಳುವಷ್ಟು ಕಹಿ. ಎದುರಿಗೆ ನಿಂತು ಕುಡಿಸುತ್ತಿದ್ದರು. ರಿಜ್ಜಿನ ಆಸೆಗೆ ನಾನು ಅದನ್ನೂ ಕುಡಿದೆ.

ಕಷಾಯದಿಂದ ಗುಣ ಕಾಣದೆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆಗೆ ಹಿಂದಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ನಡುವೆ ನಾನು. ಇವಳಿಗೆ ತಿಂಗಳಿಗೆ ಎರಡು ಸಲ ಆಗುತ್ತದೆ ಎಂದು ಅತ್ತೆ ಹೇಳಿದ್ದನ್ನು, ಮಗು ಯಾವಾಗ ಆಗುತ್ತದೆ ಎಂದು ಕೇಳುತ್ತಿದ್ದಾರೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು ನಾಡಿ ಹಿಡಿದು ಹುಬ್ಬೇರಿಸಿದರು. ಮೀನಖಂಡ ಒತ್ತಿ ನೋಡಿ, ಆಟಗೀಟ ಆಡುತ್ತೀರಾ ಎಂದರು. ಇಲ್ಲ ಎಂದೆ. ಅವರು ನಕ್ಕು, “ಸಬ್ ಠೀಕ್ ಹೈ, ಮಾತಾಜೀ. ಬಹುತ್ ತಂದುರುಸ್ತ್” ಎಂದರು.

ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು. ಪರೀಕ್ಷೆಗೆಂದು ಸೀರೆ ಮೇಲೆ ಸರಿದಿತ್ತು. ಕಣಕಾಲಿನಿಂದ ಮೊಣಕಾಲಿನ ತನಕ ಮುಳ್ಳು ಗೀರಿದ ಗುರುತು, ಹಳೆಯದು, ಹೊಸದು. ಅಲ್ಲಿಂದ ಹೊರಟೆವು. ಈಗ ಬೈಯುತ್ತಾರೆ, ಇವರಿಗೆ ಹೇಳುತ್ತಾರೆ, ರಿಜ್ ಮುಗಿಯಿತು ಎಂದುಕೊಂಡೆ. ಮನೆಯ ಮೆಟ್ಟಿಲು ಹತ್ತುವಾಗ ಇಷ್ಟೇ ಹೇಳಿದರು.

“ಕಷಾಯ ಇನ್ನು ಬೇಡ.”

ಮರುವಾರ ಕಾಗೆ ಮುಟ್ಟಿತು ಎಂದು ಅಂಜುತ್ತಲೇ ಹೇಳಿದೆ. “ಹೌದಾ, ದೂರ ಹೋಗು” ಎಂದು ದೇವರ ಹೂವು ಬಿಡಿಸತೊಡಗಿದರು. ಅವರಿಗೆ ಏನು ಗೊತ್ತು, ಎಷ್ಟು ಗೊತ್ತು ಎಂದು ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಅವರೂ ಭಾಬೀಜಿಯೂ ಬಾಲ್ಕನಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಒಬ್ಬರು ಕನ್ನಡದಲ್ಲಿ, ಒಬ್ಬರು ಪಂಜಾಬಿಯಲ್ಲಿ, ಗಂಟೆಗಟ್ಟಲೆ. ಏನು ಅರ್ಥವಾಗುತ್ತದೋ ಇವರಿಗೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಕಾಗೆ ನಿಜವಾಗಿ ಬರಲಿಲ್ಲ. ನಾನು ಬಸುರಿ.

ಮನೆಯಲ್ಲಿ ಹಬ್ಬ. ಹೋಟೆಲಿನಲ್ಲಿ ಆ ದಿನ ಬಂದವರಿಗೆಲ್ಲ ಕೇಸರಿಬಾತು. ನನಗೂ ಖುಷಿಯಾಗಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಸಂಜೆಗೇ ಲೆಕ್ಕ ಹೊಳೆಯಿತು. ಹೆರಿಗೆಯಾಗುವ ತನಕ ಕಾಗೆ ಇಲ್ಲ, ಹಾಗಾದರೆ ರಿಜ್ಜೂ ಇಲ್ಲ. ಆಮೇಲೆ ಬಾಣಂತನ, ಆಮೇಲೆ ಮಗು. ನನ್ನ ದಾರಿಗಳ ಮೇಲೆ ಹುಲ್ಲು ಬೆಳೆಯುವುದು ಕೂತಲ್ಲೇ ಕಾಣತೊಡಗಿತು.

ವಾಂತಿಯ ತಿಂಗಳುಗಳು ಹೇಗೋ ಕಳೆದವು. ಮೈಗೆ ಬಲ ಬಂದ ಮೇಲೆ ತಡೆಯಲಾಗಲಿಲ್ಲ. ಭಾಬೀಜಿಯ ಜೊತೆ ಬೆಳಿಗ್ಗೆ ರಿಜ್ಜಿನ ಕಡೆ ತಿರುಗಾಡಿ ಬರಲೇ ಎಂದು ಇವರನ್ನು ನೇರ ಕೇಳಿದೆ. ಇವರಿಗೆ ನಾನು ಅಷ್ಟು ದಿನವೂ ಭಾಬೀಜಿಯ ಮನೆಯೊಳಗೆ ಕೂತಿರುತ್ತಿದ್ದೆ ಎಂದೇ ನಂಬಿಕೆ.

“ಯಾವತ್ತೂ ಹೋಗದವಳಿಗೆ ಈಗೆಂತ ಹೊಸ ಹುಚ್ಚು? ಮೆಟ್ಟಿಲು ಇಳಿಯುದೇ ಬೇಡ. ಆರಾಮ ಕೂತುಕೊ” ಎಂದರು.

ಅತ್ತೆಯನ್ನು ಕೇಳಿದೆ. ಬಸುರಿ ಹೆಂಗಸು ಕಾಡಿಗೆ, ಪಾಳು ಕಟ್ಟಡದ ಹತ್ತಿರ ಹೋಗಬಾರದು, ಗಾಳಿ ಸೋಕುತ್ತದೆ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೂತುಕೊ, ಕೂತುಕೊ. ಆ ಒಂದು ಮಾತು ಕೇಳಿದರೆ ನನಗೆ ರೋಮ ರೋಮ ಉರಿಯುತ್ತಿತ್ತು. ಕೂತರೆ ಮೊಣಕಾಲು ಕುಣಿಯುತ್ತಿತ್ತು, ಮಲಗಿದರೆ ಹಾಸಿಗೆ ಚುಚ್ಚುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದ ಇವರ ಎದುರು ತಟ್ಟೆ ಎತ್ತಿ ಕುಕ್ಕಿದೆ. ಬೆಳಗಿನ ಆ ಹೊತ್ತಿಗೆ ಎಚ್ಚರವಾಗಿ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ತಿರುಗುತ್ತಿದ್ದೆ. ಭಾಬೀಜಿ ಕೋಲು ಹಿಡಿದು ಇಳಿದು ಹೋಗುವ ಸದ್ದು ಕೇಳುತ್ತಿತ್ತು. ಒಮ್ಮೆ ಆ ಸದ್ದಿಗೆ ಅಳು ಉಕ್ಕಿ ಬಂತು. ಮಗುವಿನ ಮೇಲೆ ಸಿಟ್ಟು ಬಂತು ಎಂದೂ ಹೇಳಿಬಿಡುತ್ತೇನೆ, ಹುಟ್ಟದೇ ಇರುವ ಮಗುವಿನ ಮೇಲೆ. ಅದು ಹೊಟ್ಟೆಯೊಳಗೆ ಒದೆಯುತ್ತಿತ್ತು, ನನ್ನದೇ ಮಗು. ಅತ್ತೆ ದೇವರ ಪಾತ್ರೆ ಬೆಳಗುತ್ತ ಇದನ್ನೆಲ್ಲ ನೋಡುತ್ತಿದ್ದರು.

ಹೊಟ್ಟೆ ಚೆನ್ನಾಗಿ ಕಾಣುತ್ತಿದ್ದ ದಿನಗಳು. ಮಳೆ ಬಿದ್ದ ಮರುದಿನದ ಬೆಳಿಗ್ಗೆ. ಇವರು ಕಾಫಿಗೆ ಮೇಲೆ ಬಂದಿದ್ದರು. ಅತ್ತೆ ಮಿಂದು ಮಡಿಯುಟ್ಟು ದೇವರ ಗೂಡಿನ ಎದುರು ದೀಪಕ್ಕೆ ಬತ್ತಿ ಹಾಕುತ್ತಿದ್ದರು. ನಾನು ಒಳಕೋಣೆಯ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಮೊಣಕಾಲು ಕುಣಿಸುತ್ತಿದ್ದೆ. ಅತ್ತೆ ಆ ಮೊಣಕಾಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗನಿಗೆ ಹೇಳಿದರು.

“ಇವಳಿಗೆ ಕಾಗೆ ಮುಟ್ಟಿದೆ.”

ಇವರ ಲೋಟ ಬಾಯಿಯ ಹತ್ತಿರವೇ ನಿಂತಿತು. ನನ್ನ ಹೊಟ್ಟೆ ನೋಡಿದರು, ಅಮ್ಮನ ಮುಖ ನೋಡಿದರು.

“ಅಮ್ಮ, ಇವಳು ಬಸುರಿ.”

“ನನಗೆ ನೀನು ಹೇಳಿಕೊಡುದು ಬೇಡ.”

“ಬಸುರಿಗೆ ಹೇಗೆ...”

“ದಿಲ್ಲಿಯ ಕಾಗೆಗೆ ಅದೆಲ್ಲ ಎಲ್ಲಿ ಗೊತ್ತುಂಟು? ಹೆಂಗಸರ ಸುದ್ದಿಯಲ್ಲಿ ನಿನಗೆಂತ ಕೆಲಸ? ಕಾಫಿ ಕುಡಿದು ಕೆಳಗೆ ಹೋಗು.”

ಇವರು ಕಾಫಿ ಕುಡಿದು ಕೆಳಗೆ ಹೋದರು. ಅತ್ತೆ ನನ್ನ ಕಡೆ ತಿರುಗಲಿಲ್ಲ.

“ಪೂಜೆ ಮುಗಿಯುವ ತನಕ ಬರಬೇಡ. ಭಾಬೀಜಿಯ ಕೈ ಬಿಡಬೇಡ” ಎಂದರು. ದೀಪ ಹಚ್ಚಿದ ಮೇಲೆ, “ಮತ್ತೆ ಓಡುದು ಬೇಡ. ನಡಿ” ಎಂದರು.

ನಾನು ಎದ್ದೆ. ಅವರ ಪಕ್ಕದಿಂದ ಹಾದು ಹೋಗಬೇಕಿತ್ತು. ಕಾಗೆ ಮುಟ್ಟಿದವಳ ಸೋಂಕು ತಾಗಬಾರದೆಂದು ಹೇಗೆ ಮಾಡುತ್ತಿದ್ದರೋ ಹಾಗೆಯೇ ಸೆರಗನ್ನು ಒಟ್ಟು ಮಾಡಿ ಎದೆಗೆ ಒತ್ತಿಕೊಂಡು ಗೋಡೆಗೆ ಸರಿದರು. ದೇವರ ಎದುರು ಹೇಳಿದ ಸುಳ್ಳಿಗೆ ಮಡಿಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ನಾನು ಹೊಸ್ತಿಲು ದಾಟಿದ ಮೇಲೆ ನಾನು ಕೂತಿದ್ದ ಮಣೆಗೆ ನೀರು ಚಿಮುಕಿಸುವ ಸದ್ದು ಕೇಳಿತು. ಬಚ್ಚಲಿನಲ್ಲಿ ಕೊಡದಿಂದ ನೀರು ಸುರಿದ ಸದ್ದೂ ಕೇಳಿತು. ಅವರು ಇನ್ನೊಮ್ಮೆ ಮೀಯುತ್ತಿದ್ದರು.

ಮೆಟ್ಟಿಲಿನಲ್ಲಿ ನಿಂತು ಅತ್ತುಬಿಟ್ಟೆ. ಅವರ ಮೇಲೆ ಅಷ್ಟು ಪ್ರೀತಿ ಅದಕ್ಕೆ ಮೊದಲು ನನಗೆ ಬಂದಿರಲಿಲ್ಲ. ಭಾಬೀಜಿ ಬೂಟನ್ನು ಮಂಚದ ಕೆಳಗಿನಿಂದ ತೆಗೆದು, ಒರೆಸಿ, ಬಾಗಿಲಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ನನಗೆ ಬಗ್ಗಲಾಗದೆಂದು ಅವರೇ ಲೇಸು ಕಟ್ಟಿದರು.

ಆ ದಿನ ನಾನು ಓಡಲಿಲ್ಲ. ಮಣ್ಣು ಮೆತ್ತಗಿತ್ತು. ಇಳಿಜಾರಿನಲ್ಲಿ ಮಾತ್ರ ಕಾಲು ತಾನಾಗಿ ಒಂದಿಷ್ಟು ಬೇಗ ಬಿತ್ತು. ಭಾಬೀಜಿ ನನ್ನ ಕೈ ಬಿಡದೆ, ಏದುಸಿರು ಬಿಡುತ್ತ ಜೊತೆಗೆ ಬಂದರು.